ನಾರುಗಟ್ಟಿದ ಶ್ವಾಸಕೋಶ ಮತ್ತು ಮರಣಕಾರಣ: ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಮಲೆನಾಡಿನ ಆಡುಮಾತಿನಲ್ಲಿ ಉಸಿರಿಗೆ ಸಂಬಂಧಿಸಿದ ಬಹುಪಾಲು ಬೇನೆಗಳಿಗೆ ದಮ್ಮು, ಉಬ್ಬಸ, ಗೂರಲು ಎಂಬ ಎರಡು ಮೂರು ಹೆಸರುಗಳೇ ಸಲ್ಲುತ್ತವೆ. ವರ್ಷಗಟ್ಟಲೆ ಏದುಸಿರು ಬಿಟ್ಟು ತೀರಿಕೊಂಡವರನ್ನು ಕುರಿತು ‘ದಮ್ಮಿನಿಂದ ಹೋದರು’ ಎಂದರೆ ಮಾತು ಮುಗಿಯಿತು. ವೈದ್ಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಒಂದು ಮಾತಿನೊಳಗೆ ಪರಸ್ಪರ ಬೇರೆಯಾದ ಅನೇಕ ರೋಗಗಳೂ, ಒಂದೇ ರೋಗದ ಅನೇಕ ಬಗೆಯ ಅಂತ್ಯಗಳೂ ಅಡಗಿವೆ. ಅವುಗಳಲ್ಲಿ ತೀರ ಕಡಿಮೆ ಗುರುತಿಸಲ್ಪಟ್ಟದ್ದು ಶ್ವಾಸಕೋಶದ ನಾರುಗಟ್ಟುವಿಕೆ, ಅಂದರೆ ಪಲ್ಮನರಿ ಫೈಬ್ರೋಸಿಸ್. ಈ ರೋಗವಿದ್ದವರು ಕೊನೆಗೆ ಯಾವುದರಿಂದ ಸಾಯುತ್ತಾರೆ, ಆ ಕಾರಣಗಳಲ್ಲಿ ಯಾವುವು ತಡೆಯಬಲ್ಲಂಥವು, ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಟ್ಟಗಳಲ್ಲಿ ಆ ಕಾರಣಗಳು ದಾಖಲೆಗೆ ಬಾರದೆ ಹೋಗುವುದೇಕೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ವಾಯುಕೋಶಗಳಿವೆ. ಉಸಿರಿನ ಆಮ್ಲಜನಕವು ಇವುಗಳ ಅತಿ ತೆಳುವಾದ ಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ. ಧೂಳು, ಬೂಷ್ಟು, ಹೊಗೆ, ಸೋಂಕು ಅಥವಾ ದೇಹದ ರೋಗನಿರೋಧಕ ವ್ಯವಸ್ಥೆಯದೇ ಎಡವಟ್ಟಿನಿಂದ ಈ ಗೋಡೆಗೆ ಮತ್ತೆ ಮತ್ತೆ ಪೆಟ್ಟಾದಾಗ ದೇಹವು ಅದನ್ನು ದುರಸ್ತಿ ಮಾಡಲು ಕೊಲಾಜನ್ ಎಂಬ ನಾರಿನಂಥ ಪ್ರೋಟೀನನ್ನು ತುಂಬುತ್ತದೆ. ಗಾಯ ಮಾಗಿದ ಜಾಗದಲ್ಲಿ ಕಲೆ ಉಳಿಯುವಂತೆ ಇಲ್ಲಿಯೂ ಕಲೆ ಉಳಿಯುತ್ತದೆ. ದುರಸ್ತಿ ನಿಲ್ಲದೆ ಮುಂದುವರಿದರೆ ಗೋಡೆ ದಪ್ಪವಾಗಿ, ಶ್ವಾಸಕೋಶ ಬಿಗಿದುಕೊಂಡು ಕುಗ್ಗುತ್ತದೆ. ಕೊನೆಯ ಹಂತದಲ್ಲಿ ಅದರ ಅಂಚುಗಳು ಸಿ.ಟಿ. ಚಿತ್ರದಲ್ಲಿ ಜೇನುಹುಟ್ಟಿನಂತೆ ಕಾಣುತ್ತವೆ. ಹೀಗೆ ನಾರುಗಟ್ಟಿದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ.

ಉಬ್ಬಸಕ್ಕೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿದೆ. ಉಬ್ಬಸದಲ್ಲಿ ಕಿರಿದಾಗುವುದು ಶ್ವಾಸನಾಳ. ಔಷಧದಿಂದ ಅದನ್ನು ಮತ್ತೆ ಅಗಲಿಸಬಹುದು. ನಾರುಗಟ್ಟುವಿಕೆಯಲ್ಲಿ ಕೆಡುವುದು ವಾಯುಕೋಶದ ಗೋಡೆ. ನಾಳವನ್ನು ಅಗಲಿಸುವ ಸೇದುಮದ್ದಿನಿಂದ ಅದಕ್ಕೆ ಪ್ರಯೋಜನವಿಲ್ಲ. ಒಣಕೆಮ್ಮು, ಏರು ಹತ್ತುವಾಗ ಬರುವ ಏದುಸಿರು, ಕೆಲವರಲ್ಲಿ ಉಬ್ಬಿದ ಬೆರಳ ತುದಿಗಳು, ಬೆನ್ನಿನ ಕೆಳಭಾಗದಲ್ಲಿ ಉಸಿರೆಳೆದುಕೊಳ್ಳುವಾಗ ಕೇಳುವ ಚರಚರ ಸದ್ದು – ಇವು ವೈದ್ಯನಿಗೆ ದೊರೆಯುವ ಮುಖ್ಯ ಸುಳಿವುಗಳು.

ಈ ಗುಂಪಿನಲ್ಲಿ ಹಲವು ರೋಗಗಳಿವೆ. ಕಾರಣ ಗೊತ್ತಾಗದೆ ಬರುವ ಇಡಿಯೋಪಥಿಕ್ ಬಗೆ ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಚಿಕಿತ್ಸೆಯಿಲ್ಲದಿದ್ದರೆ ರೋಗ ಪತ್ತೆಯಾದ ಮೇಲೆ ಅರ್ಧದಷ್ಟು ರೋಗಿಗಳು ಮೂರರಿಂದ ಐದು ವರ್ಷಗಳೊಳಗೆ ತೀರಿಕೊಳ್ಳುತ್ತಾರೆ. ಬೂಷ್ಟು, ಹಕ್ಕಿಗಳ ಪುಕ್ಕ ಮತ್ತು ಹಿಕ್ಕೆ ಮೊದಲಾದ ಜೈವಿಕ ಧೂಳಿಗೆ ಶ್ವಾಸಕೋಶ ತೋರುವ ಅತಿಸಂವೇದನೆಯಿಂದ ಬರುವುದು ಎರಡನೆಯ ಬಗೆ. ಕೀಲುವಾತ, ಸ್ಕ್ಲೆರೋಡರ್ಮಾ ಮುಂತಾದ ರೋಗಗಳ ಜತೆಗೆ ಬರುವುದು ಮೂರನೆಯದು. ಕಲ್ಲುಪುಡಿ ಮತ್ತು ಖನಿಜಧೂಳಿನಿಂದ ಬರುವುದು ನಾಲ್ಕನೆಯದು. ಇವಲ್ಲದೆ ವಾಸಿಯಾದ ಕ್ಷಯವು ಬಿಟ್ಟುಹೋಗುವ ಕಲೆಯೂ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿದೆ. ಭಾರತದ 19 ನಗರಗಳ 27 ಕೇಂದ್ರಗಳಿಂದ 1084 ರೋಗಿಗಳ ವಿವರ ಸಂಗ್ರಹಿಸಿ 2017ರಲ್ಲಿ ಪ್ರಕಟವಾದ ರಾಷ್ಟ್ರೀಯ ನೋಂದಣಿ ಅಧ್ಯಯನದಲ್ಲಿ ಅತಿಸಂವೇದನೆಯ ಬಗೆ ಶೇ. 47ರಷ್ಟಿದ್ದರೆ, ಇಡಿಯೋಪಥಿಕ್ ಬಗೆ ಶೇ. 14ರಷ್ಟು ಮಾತ್ರ ಇತ್ತು. ಪಾಶ್ಚಾತ್ಯ ದೇಶಗಳ ಚಿತ್ರಕ್ಕಿಂತ ಇದು ಭಿನ್ನ. ನಮ್ಮಲ್ಲಿ ಪರಿಸರದೊಳಗಿನ ಕಾರಣವನ್ನು ಹುಡುಕುವುದು ರೋಗನಿರ್ಣಯದ ಅನಿವಾರ್ಯ ಅಂಗವೆಂಬುದನ್ನು ಇದು ಸೂಚಿಸುತ್ತದೆ.

ಕಾಫಿ ಸೀಮೆಯ ಉಸಿರು

ಕಾಫಿ ಬೆಟ್ಟಗಳ ದುಡಿಮೆ ಋತುಮಾನಕ್ಕೆ ಕಟ್ಟುಬಿದ್ದದ್ದು. ನವೆಂಬರ್ ತಿಂಗಳಿನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕೊಯ್ಲು. ಕಣದಲ್ಲಿ ಹಣ್ಣು ಒಣಗಿಸುವುದು, ಮೂಟೆ ಕಟ್ಟುವುದು. ಆಮೇಲೆ ಚಿಕ್ಕಮಗಳೂರಿನಂಥ ಊರುಗಳ ಕ್ಯೂರಿಂಗ್ ಕೆಲಸ, ಅಲ್ಲಿ ಸಿಪ್ಪೆ ತೆಗೆದು ಬೇಳೆ ಆರಿಸುವುದು. ಹಸಿ ಕಾಫಿ ಬೇಳೆಯ ಧೂಳಿನಿಂದ ಮೂಗು ಸೋರಿಕೆಯೂ ಉಬ್ಬಸವೂ ಬರಬಲ್ಲವೆಂಬುದು ಅನೇಕ ದೇಶಗಳ ಅನುಭವ. ಅದು ನಾರುಗಟ್ಟುವಿಕೆಯನ್ನೂ ತರುತ್ತದೆಯೇ ಎಂಬ ಪ್ರಶ್ನೆಗೆ ಒಂದು ಸ್ವಾರಸ್ಯಕರ ಇತಿಹಾಸವಿದೆ. 1970ರಲ್ಲಿ ‘ಥೊರಾಕ್ಸ್’ ಎಂಬ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಕಾಫಿ ಉದ್ದಿಮೆಯ ಕಾರ್ಮಿಕನೊಬ್ಬನ ಪ್ರಕರಣವನ್ನು ಆಧರಿಸಿ ‘ಕಾಫಿ ಕಾರ್ಮಿಕನ ಶ್ವಾಸಕೋಶ’ ಎಂಬ ಹೊಸ ರೋಗನಾಮ ಪ್ರಕಟವಾಯಿತು. 1983ರಲ್ಲಿ ಅದೇ ಪತ್ರಿಕೆಯಲ್ಲಿ ಅದೇ ಪ್ರಕರಣದ ಮರುಪರಿಶೀಲನೆ ಹೊರಬಂದಿತು. ಆ ಹೆಸರು ಗಟ್ಟಿಯಾಗಿ ನೆಲೆಯೂರಲಿಲ್ಲ. ಒಂದೇ ಪ್ರಕರಣದಿಂದ ಒಂದು ಉದ್ಯೋಗಕ್ಕೆ ರೋಗವನ್ನು ಅಂಟಿಸುವುದು ಎಷ್ಟು ಅವಸರದ ಕೆಲಸವೋ, ಉದ್ಯೋಗವನ್ನು ವಿಚಾರಿಸದೆ ರೋಗಕ್ಕೆ ಹೆಸರಿಡುವುದೂ ಅಷ್ಟೇ ಅವಸರದ ಕೆಲಸವೆಂಬ ಎಚ್ಚರ ಇದರಿಂದ ದೊರೆಯುತ್ತದೆ.

ಇದೇ ಬಗೆಯ ಇನ್ನೊಂದು ಪ್ರಶ್ನೆ ಬೋರ್ಡೋ ದ್ರಾವಣದ್ದು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಈ ದ್ರಾವಣ ಕಾಫಿ ಎಲೆಯ ತುಕ್ಕುರೋಗಕ್ಕೂ ಅಡಕೆಯ ಕೊಳೆರೋಗಕ್ಕೂ ಮಲೆನಾಡಿನ ಪರಿಚಿತ ಮದ್ದು. 1969ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು ದ್ರಾಕ್ಷಿತೋಟಗಳಲ್ಲಿ ವರ್ಷಗಟ್ಟಲೆ ಇದನ್ನೇ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರದ ಅಂಶವುಳ್ಳ ಗಂಟುಗಳನ್ನೂ ನಾರುಗಟ್ಟಿದ ಭಾಗಗಳನ್ನೂ ಕಂಡು ವರದಿ ಮಾಡಿದರು. ಇದರಿಂದ ಮೂಡಿಗೆರೆಯ ಅಥವಾ ಕಳಸದ ಸಿಂಪಡಣೆಗಾರರಲ್ಲಿ ಅದೇ ರೋಗವಿದೆಯೆಂದು ಹೇಳಿದಂತಾಗುವುದಿಲ್ಲ. ರೋಗಿಯನ್ನು ಕೇಳಲೇಬೇಕಾದ ಪ್ರಶ್ನೆಯೊಂದು ದೊರೆತಂತಾಗುತ್ತದೆ, ಅಷ್ಟೆ. ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿದ ಹುಲ್ಲು, ಮೂಟೆ, ಗೋಡೆ, ಅಡಿಗೆಮನೆಯ ಸೌದೆ ಒಲೆ, ನೀರು ಕಾಯಿಸುವ ಬಚ್ಚಲೊಲೆ, ಮನೆಯ ಕೋಳಿ, ಪಾರಿವಾಳ, ಬೀಡಿ, ಕಲ್ಲುಕೋರೆ ಅಥವಾ ಗಣಿಯ ಹಳೆಯ ಕೆಲಸ – ಇವೂ ಆ ಪ್ರಶ್ನಾವಳಿಗೆ ಸೇರಬೇಕಾದವು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತಿತು. ಆದರೆ ಖನಿಜಧೂಳಿನ ರೋಗಗಳು ಕೆಲಸ ಬಿಟ್ಟು ಹತ್ತಿಪ್ಪತ್ತು ವರ್ಷಗಳಾದ ಮೇಲೂ ತಲೆದೋರಬಲ್ಲವಾದ್ದರಿಂದ, ಈ ಭಾಗದಲ್ಲಿ ರೋಗಿಯ ಇಂದಿನ ಕೆಲಸದೊಡನೆ ಹಿಂದಿನ ಕೆಲಸವನ್ನೂ ವಿಚಾರಿಸುವುದು ಅಗತ್ಯ.

ಮರಣದ ಹಲವು ದಾರಿಗಳು

ನಾರುಗಟ್ಟಿದ ಶ್ವಾಸಕೋಶವುಳ್ಳವರೆಲ್ಲ ಉಸಿರು ಕಟ್ಟಿಯೇ ಸಾಯುತ್ತಾರೆಂಬ ಭಾವನೆ ಸರಿಯಲ್ಲ. 1990ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅದುವರೆಗಿನ ಅಧ್ಯಯನಗಳ 543 ರೋಗಿಗಳ ವಿವರವನ್ನು ಒಟ್ಟುಗೂಡಿಸಿತು. ಅವರಲ್ಲಿ ಮೃತಪಟ್ಟ 326 ಮಂದಿಯ ಪೈಕಿ ಸುಮಾರು ಶೇ. 39 ಮಂದಿ ಉಸಿರಾಟದ ವೈಫಲ್ಯದಿಂದ, ಶೇ. 14 ಮಂದಿ ಹೃದಯ ವೈಫಲ್ಯದಿಂದ, ಶೇ. 10 ಮಂದಿ ಶ್ವಾಸಕೋಶದ ಕ್ಯಾನ್ಸರಿನಿಂದ, ಹೆಚ್ಚು ಕಡಿಮೆ ಅಷ್ಟೇ ಮಂದಿ ಹೃದಯದ ರಕ್ತನಾಳಗಳ ರೋಗದಿಂದ ಸತ್ತಿದ್ದರು. ಉಳಿದವರಲ್ಲಿ ಸೋಂಕು, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪುರಕ್ತ ಸಿಕ್ಕಿಕೊಳ್ಳುವಿಕೆ ಮೊದಲಾದ ಕಾರಣಗಳಿದ್ದವು. ಅಂದರೆ ಹತ್ತರಲ್ಲಿ ಆರು ಸಾವುಗಳಿಗೆ ಕಾರಣವೆಂದು ಬರೆಯಲ್ಪಟ್ಟದ್ದು ಉಸಿರಾಟದ ವೈಫಲ್ಯವಲ್ಲ. ಅಮೆರಿಕದಲ್ಲಿ 1992ರಿಂದ 2003ರವರೆಗಿನ ಮರಣಪತ್ರಗಳನ್ನು ಪರಿಶೀಲಿಸಿದ ಮತ್ತೊಂದು ಅಧ್ಯಯನದಲ್ಲಿ, ಈ ರೋಗದ ಉಲ್ಲೇಖವಿದ್ದ ಸಾವುಗಳ ಪೈಕಿ ಶೇ. 60ರಲ್ಲಿ ರೋಗವೇ ಮೂಲಕಾರಣವಾಗಿತ್ತು. ಈ ಎರಡು ಅಂಕಿಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಒಂದು ಸಾವಿನ ಹತ್ತಿರದ ಕಾರಣವನ್ನು ಎಣಿಸಿದರೆ ಇನ್ನೊಂದು ಬುಡದ ಕಾರಣವನ್ನು ಎಣಿಸುತ್ತದೆ. ಈ ಎರಡನ್ನೂ ಬೇರ್ಪಡಿಸಿ ತಿಳಿಯುವುದು ವಿಷಯದ ತಿರುಳು.

ಮೊದಲನೆಯ ದಾರಿ ನಿಧಾನದ್ದು. ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ಮೊದಲು ಏರಿನಲ್ಲಿ, ಆಮೇಲೆ ಸಮತಟ್ಟಿನಲ್ಲಿ, ಕೊನೆಗೆ ಕುಳಿತಲ್ಲಿಯೇ ಆಮ್ಲಜನಕ ಸಾಲದೆ ಹೋಗುತ್ತದೆ.

ಎರಡನೆಯದು ಹಠಾತ್ ಉಲ್ಬಣ. ಅದುವರೆಗೆ ಒಂದು ಮಟ್ಟದಲ್ಲಿದ್ದ ರೋಗಿಯ ಉಸಿರಾಟ ಕೆಲವು ದಿನ ಅಥವಾ ವಾರಗಳಲ್ಲಿ ಕೆಡುತ್ತದೆ. ಉಳಿದಿದ್ದ ಆರೋಗ್ಯಕರ ಭಾಗಕ್ಕೂ ಹೊಸ ಉರಿಯೂತ ವ್ಯಾಪಿಸುತ್ತದೆ. ಇದು ಸೋಂಕಿನಿಂದ ಕೆರಳಬಹುದು, ಯಾವ ಪ್ರಚೋದನೆಯೂ ಕಾಣದೆಯೂ ಬರಬಹುದು. ಒಮ್ಮೆ ಬಂದ ಮೇಲೆ ಅರ್ಧದಷ್ಟು ಮಂದಿ ಮೂರು ನಾಲ್ಕು ತಿಂಗಳು ದಾಟುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಇಡಿಯೋಪಥಿಕ್ ಬಗೆಯ 42 ರೋಗಿಗಳ ಶವಪರೀಕ್ಷೆಯನ್ನು ಆಧರಿಸಿ 2008ರಲ್ಲಿ ಪ್ರಕಟವಾದ ವರದಿಯಲ್ಲಿ ತಕ್ಷಣದ ಮರಣಕಾರಣಗಳಲ್ಲಿ ಇದೇ ಮೊದಲ ಸ್ಥಾನದಲ್ಲಿತ್ತು, ಶೇ. 29ರಷ್ಟು ಸಾವುಗಳು ಇದರಿಂದಾಗಿದ್ದವು. ಜಪಾನಿನ ಹೊಕ್ಕೈಡೊ ಪ್ರಾಂತದ 553 ರೋಗಿಗಳ ಅಧ್ಯಯನದಲ್ಲಿ ಸಾವುಗಳ ಶೇ. 40 ಉಲ್ಬಣದಿಂದ, ಶೇ. 24 ನಿಧಾನ ವೈಫಲ್ಯದಿಂದ, ಶೇ. 11 ಕ್ಯಾನ್ಸರಿನಿಂದ ಆಗಿದ್ದವು.

ಮೂರನೆಯದು ಸೋಂಕು. ಕಲೆಗಟ್ಟಿದ ಶ್ವಾಸಕೋಶದಲ್ಲಿ ಕಫ ಸರಿಯಾಗಿ ಹೊರಬೀಳುವುದಿಲ್ಲ. ಇದರ ಮೇಲೆ ಸ್ಟೀರಾಯ್ಡು ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದುಗಳನ್ನು ದೀರ್ಘಕಾಲ ಕೊಟ್ಟರೆ ನ್ಯುಮೋನಿಯಾ ಸುಲಭವಾಗಿ ಬರುತ್ತದೆ, ಮಲಗಿದ್ದ ಕ್ಷಯ ಏಳುತ್ತದೆ. 2012ರಲ್ಲಿ ಪ್ರಕಟವಾದ ‘ಪ್ಯಾಂಥರ್’ ಪ್ರಯೋಗ ಇಲ್ಲಿ ಉಲ್ಲೇಖನೀಯ. ಇಡಿಯೋಪಥಿಕ್ ಬಗೆಗೆ ಬಹುಕಾಲದಿಂದ ರೂಢಿಯಲ್ಲಿದ್ದ ಸ್ಟೀರಾಯ್ಡು, ಅಜಥಯೊಪ್ರಿನ್ ಮತ್ತು ಅಸಿಟೈಲ್‌ಸಿಸ್ಟೀನ್ ಎಂಬ ಮೂರು ಮದ್ದುಗಳ ಜೋಡಣೆಯನ್ನು ಪಡೆದ ಗುಂಪಿನಲ್ಲಿ 8 ಸಾವುಗಳಾದರೆ, ಹುಸಿಮದ್ದು ಪಡೆದ ಗುಂಪಿನಲ್ಲಿ ಆದದ್ದು ಒಂದೇ. ಆ ಚಿಕಿತ್ಸಾಕ್ರಮದ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು. ಅತಿಸಂವೇದನೆಯ ಬಗೆಯಲ್ಲಿ ಸ್ಟೀರಾಯ್ಡಿಗೆ ಸ್ಥಾನವಿದೆ. ಇಡಿಯೋಪಥಿಕ್ ಬಗೆಯಲ್ಲಿ ಅದರ ನಿತ್ಯಸೇವನೆ ಅಪಾಯಕಾರಿ. ರೋಗದ ಬಗೆಯನ್ನು ಗುರುತಿಸದೆ ಎಲ್ಲಕ್ಕೂ ‘ದಮ್ಮಿನ ಮಾತ್ರೆ’ ಕೊಡುವುದೂ ಒಂದು ಮರಣಕಾರಣವಾಗಬಲ್ಲದು.

ನಾಲ್ಕನೆಯದು ಬಲಹೃದಯದ ಸೋಲು. ಶ್ವಾಸಕೋಶದಲ್ಲಿ ಕಲೆಯಾದ ಕಡೆಗಳಲ್ಲಿ ಸಣ್ಣ ರಕ್ತನಾಳಗಳೂ ನಾಶವಾಗುತ್ತವೆ. ಆಮ್ಲಜನಕ ಕಡಿಮೆಯಾದಲ್ಲಿ ಉಳಿದವು ಬಿಗಿಯುತ್ತವೆ. ಇಕ್ಕಟ್ಟಾದ ಈ ಜಾಲಕ್ಕೆ ರಕ್ತ ನೂಕಿ ನೂಕಿ ಹೃದಯದ ಬಲಭಾಗ ಹಿಗ್ಗಿ ಸೋಲುತ್ತದೆ. ಕಾಲು ಬಾತುಕೊಳ್ಳುವುದು, ಹೊಟ್ಟೆ ಉಬ್ಬುವುದು ಇದರ ಚಿಹ್ನೆಗಳು. ಇಂಥ ಸಾವು ಸಾಮಾನ್ಯವಾಗಿ ‘ಹೃದಯದ ಕಾಯಿಲೆ’ಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಉಳಿದವು ಶ್ವಾಸಕೋಶದ ಕ್ಯಾನ್ಸರು, ಹೃದಯಾಘಾತ, ಹೆಪ್ಪುರಕ್ತ, ಶ್ವಾಸಕೋಶದ ಹೊರಪದರ ಒಡೆದು ಎದೆಗೂಡಿನಲ್ಲಿ ಗಾಳಿ ತುಂಬುವುದು. ಕ್ಷಯದ ಕಲೆಯುಳ್ಳವರಲ್ಲಿ ಬೇರೊಂದು ಅಪಾಯವಿದೆ: ಹಳೆಯ ಕುಳಿಯಲ್ಲಿ ಶಿಲೀಂಧ್ರ ಬೆಳೆದು, ಸುತ್ತಣ ರಕ್ತನಾಳ ಒಡೆದು, ಒಮ್ಮೆಲೇ ರಕ್ತ ಕಾರಿ ಸಾಯುವ ಸಂಭವ. ಕ್ಷಯದ ಔಷಧ ಪೂರ್ಣವಾಗಿ ಮುಗಿಸಿ ಕಫಪರೀಕ್ಷೆಯಲ್ಲಿ ಕ್ರಿಮಿ ಇಲ್ಲವೆಂದಾದವರಿಗೂ ಇದು ತಪ್ಪಿದ್ದಲ್ಲ. ಆದುದರಿಂದ ಇದನ್ನು ಮರಳಿ ಬಂದ ಕ್ಷಯವೆಂದು ತಿಳಿಯುವುದು ತಪ್ಪಾದೀತು.

ಎತ್ತರ, ಮಳೆ ಮತ್ತು ದಾರಿ

ಈ ದಾರಿಗಳು ಎಲ್ಲೆಡೆಯೂ ಇರುವಂಥವೇ. ಬೆಟ್ಟದ ಸೀಮೆಯಲ್ಲಿ ಅವು ಕಡಿದಾಗಲು ಮೂರು ಕಾರಣಗಳಿವೆ. ಮೊದಲನೆಯದು ಎತ್ತರ. ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಸುಮಾರು ಶೇ. 11ರಷ್ಟು ಕಡಿಮೆ, ಉಸಿರಿನೊಡನೆ ಒಳಹೋಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ದಪ್ಪಗೋಡೆಯ ವಾಯುಕೋಶಗಳಿಂದಲೇ ದಿನ ದೂಡುವವರಿಗೆ ತೋಟದ ಏರುದಾರಿಯಲ್ಲಿ ಆ ವ್ಯತ್ಯಾಸ ಭಾರವಾಗುತ್ತದೆ.

ಎರಡನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಬಾಗಿಲು ಕಿಟಕಿ ಮುಚ್ಚಿರುತ್ತವೆ, ಹಸಿ ಸೌದೆಯ ಹೊಗೆ ಒಳಗೇ ಸುತ್ತುತ್ತದೆ, ಬೂಷ್ಟು ಏಳುತ್ತದೆ, ಶೀತಜ್ವರ ಮನೆಯಿಂದ ಮನೆಗೆ ಹಬ್ಬುತ್ತದೆ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ದಿನಗಟ್ಟಲೆ ಹೋದರೆ ಮನೆಯಲ್ಲಿಟ್ಟುಕೊಂಡ ಆಮ್ಲಜನಕ ಯಂತ್ರ ನಿಲ್ಲುತ್ತದೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡಮನೆಗಳಿಗೂ ಅಡಿಗೆ ಅನಿಲ ಬಂದಿತಾದರೂ, ಸೌದೆ ಸುಲಭವಾಗಿ ಸಿಗುವ ತೋಟದ ಸೀಮೆಯಲ್ಲಿ ಬಚ್ಚಲೊಲೆಯ ಬೆಂಕಿ ಅದರಿಂದ ಆರಲಿಲ್ಲ.

ಮೂರನೆಯದು ದಾರಿ. ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಬೆಟ್ಟದ ಸುತ್ತುದಾರಿ. ಕರಾವಳಿಯ ದೊಡ್ಡ ಆಸ್ಪತ್ರೆಗಳಿಗೆ ಕುದುರೆಮುಖದ ಕಾಡು ಅಥವಾ ಘಟ್ಟ ಇಳಿದು ಹೋಗಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಟ್ಟದ ರಸ್ತೆ ಮುಚ್ಚಿದ್ದು ಇನ್ನೂ ಜನರ ನೆನಪಿನಲ್ಲಿದೆ. ಹಠಾತ್ ಉಲ್ಬಣವನ್ನು ನ್ಯುಮೋನಿಯಾದಿಂದಲೂ ಹೃದಯ ವೈಫಲ್ಯದಿಂದಲೂ ಬೇರ್ಪಡಿಸಲು ಸಿ.ಟಿ. ಚಿತ್ರ, ರಕ್ತಪರೀಕ್ಷೆ, ಹೃದಯದ ಪ್ರತಿಧ್ವನಿ ಪರೀಕ್ಷೆ ಬೇಕು. ಇವುಗಳಲ್ಲಿ ಒಂದೂ ಆಗುವ ಮೊದಲೇ ಮನೆಯಲ್ಲಿಯೋ ದಾರಿಯಲ್ಲಿಯೋ ಪ್ರಾಣ ಹೋದರೆ, ಕಾರಣ ತಿಳಿಯುವ ಅವಕಾಶವೂ ಅದರೊಡನೆ ಹೋಗುತ್ತದೆ.

ಮರಣಪತ್ರ ಹೇಳುವುದು, ಹೇಳದಿರುವುದು

1969ರ ಜನನ ಮರಣ ನೋಂದಣಿ ಕಾಯ್ದೆಯ ಅನ್ವಯ ಆಸ್ಪತ್ರೆಯ ಸಾವಿಗೆ ನಮೂನೆ 4, ಆಸ್ಪತ್ರೆಯ ಹೊರಗೆ ವೈದ್ಯರ ಆರೈಕೆಯಲ್ಲಿ ಆದ ಸಾವಿಗೆ ನಮೂನೆ 4ಎ ತುಂಬಬೇಕು. ಅದರ ಮೊದಲ ಭಾಗದಲ್ಲಿ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ಎಡೆಮಾಡಿದ ಕಾರಣಗಳು, ಪ್ರತಿಯೊಂದಕ್ಕೂ ಎದುರಾಗಿ ಅದು ಎಷ್ಟು ಕಾಲದಿಂದ ಇತ್ತೆಂಬ ವಿವರ. ಎರಡನೆಯ ಭಾಗದಲ್ಲಿ ಸಾವಿಗೆ ಪೂರಕವಾದ ಇತರ ರೋಗಗಳು. ಹೃದಯ ನಿಂತದ್ದು, ನಿಶ್ಶಕ್ತಿ ಮುಂತಾದ ಸಾಯುವ ರೀತಿಯನ್ನು ಬರೆಯಬಾರದೆಂದು ನಮೂನೆಯೇ ಸೂಚಿಸುತ್ತದೆ. ಆದರೂ ಬಹಳ ಸಲ ಅದರಲ್ಲಿ ಕಾಣುವುದು ‘ಹೃದಯ ಮತ್ತು ಉಸಿರಾಟದ ಸ್ತಂಭನ’ ಎಂಬ ಒಂದೇ ಸಾಲು. ಎಲ್ಲ ಸಾವುಗಳಲ್ಲಿಯೂ ಕೊನೆಗೆ ಆಗುವುದು ಅದೇ ಆದುದರಿಂದ ಅದು ಏನನ್ನೂ ತಿಳಿಸುವುದಿಲ್ಲ.

ಉದಾಹರಣೆಗೆ, ಹತ್ತು ವರ್ಷ ಕೋಳಿ ಸಾಕಿದ, ನಾಲ್ಕು ವರ್ಷಗಳಿಂದ ಒಣಕೆಮ್ಮಿದ್ದ ಮಹಿಳೆಯೊಬ್ಬರು ಆರು ದಿನಗಳ ಜ್ವರದ ಬಳಿಕ ತೀರಿಕೊಂಡರೆಂದು ಇಟ್ಟುಕೊಳ್ಳಬಹುದು. ಮೇಲಿನ ಸಾಲಿನಲ್ಲಿ ‘ನ್ಯುಮೋನಿಯಾ, ಆರು ದಿನ’, ಕೆಳಗಿನ ಸಾಲಿನಲ್ಲಿ ‘ಅತಿಸಂವೇದನೆಯಿಂದಾದ ಶ್ವಾಸಕೋಶದ ನಾರುಗಟ್ಟುವಿಕೆ, ನಾಲ್ಕು ವರ್ಷ’, ಎರಡನೆಯ ಭಾಗದಲ್ಲಿ ‘ಬಲಹೃದಯದ ವೈಫಲ್ಯ’ ಎಂದು ಬರೆದರೆ ಅಂಕಿಅಂಶದ ಲೆಕ್ಕಕ್ಕೆ ಮೂಲಕಾರಣ ಸಿಗುತ್ತದೆ; ಆ ಸಾವನ್ನು ತಡೆಯಬಹುದಾಗಿದ್ದ ಘಟ್ಟವೂ ಕಾಣುತ್ತದೆ. ‘ದಮ್ಮು’ ಎಂದೋ ‘ಹೃದಯ ಸ್ತಂಭನ’ ಎಂದೋ ಬರೆದರೆ ಎರಡೂ ಇಲ್ಲವಾಗುತ್ತವೆ.

2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರಿಂದ ಕಾರಣ ದೃಢೀಕೃತವಾದವು ಶೇ. 22.5 ಮಾತ್ರ. ಉಳಿದವುಗಳ ಕಾರಣವನ್ನು ಊಹಿಸಲು ಮನೆಯವರನ್ನು ಪ್ರಶ್ನಿಸಿ ತಿಳಿಯುವ ವಿಧಾನವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕಾಗಿ ಸಿದ್ಧಪಡಿಸಿದ ಕಾರಣಗಳ ಪಟ್ಟಿಯಲ್ಲಿ ಉಬ್ಬಸವಿದೆ, ಶ್ವಾಸನಾಳದ ದೀರ್ಘಕಾಲಿಕ ಅಡಚಣೆಯ ರೋಗವಿದೆ, ಕ್ಷಯವಿದೆ, ನ್ಯುಮೋನಿಯಾ ಇದೆ. ನಾರುಗಟ್ಟುವಿಕೆಗೆ ಪ್ರತ್ಯೇಕ ಮನೆಯಿಲ್ಲ. ಹೀಗಾಗಿ ಈ ರೋಗದ ಸಾವುಗಳು ಉಳಿದ ನಾಲ್ಕರಲ್ಲಿ ಹಂಚಿಹೋಗುತ್ತವೆ.

ತೋಟದ ಸೀಮೆಯಲ್ಲಿ ಇನ್ನೊಂದು ಸೋರಿಕೆಯೂ ಇದೆ. ಹೊರಗಿನಿಂದ ಬಂದ ಕಾರ್ಮಿಕರು ಕೈಲಾಗದಾದಾಗ ಲೈನ್ ಮನೆ ಬಿಟ್ಟು ತಮ್ಮ ಊರಿಗೆ ಮರಳುತ್ತಾರೆ. ದುಡಿದ ಧೂಳು ಇಲ್ಲಿಯದು, ಸಾವಿನ ದಾಖಲೆ ಅಲ್ಲಿಯದು. ತೋಟದಲ್ಲಿ ಉಳಿದವರನ್ನು ಮಾತ್ರ ಪರೀಕ್ಷಿಸಿ ‘ಇಲ್ಲಿ ರೋಗವಿಲ್ಲ’ ಎನ್ನುವ ಅಧ್ಯಯನ ಈ ಕಾರಣದಿಂದಲೇ ದಾರಿ ತಪ್ಪಿಸಬಲ್ಲದು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳಲ್ಲಿ ವೈದ್ಯಕೀಯ ಸೌಲಭ್ಯವನ್ನು ಕಡ್ಡಾಯಗೊಳಿಸಿತ್ತು. ಅದರಿಂದ ಹುಟ್ಟಿದ ತೋಟದ ಔಷಧಾಲಯಗಳ ಹಳೆಯ ಪುಸ್ತಕಗಳು ಎಲ್ಲಿ ಉಳಿದಿದ್ದರೂ ಅವು ಸಂಶೋಧಕನಿಗೆ ಅಮೂಲ್ಯವಾದ ಆಕರ. ಆ ಕಾಯ್ದೆಯ ವ್ಯಾಪ್ತಿಗೆ ಬಾರದಿದ್ದ ಸಣ್ಣ ಹಿಡುವಳಿಗಳ ಕೂಲಿಗಾರರಿಗೆ ಅಂಥ ದಾಖಲೆಯೂ ಇಲ್ಲ.

ತಡೆಯಬಹುದಾದದ್ದು

ಕಾರಣಗಳನ್ನು ಬೇರ್ಪಡಿಸುವುದರ ಪ್ರಯೋಜನ ಶಾಸ್ತ್ರೀಯ ಕುತೂಹಲವನ್ನು ಮೀರಿದ್ದು. ಅತಿಸಂವೇದನೆಯ ಬಗೆಯಲ್ಲಿ ಪ್ರಚೋದಕವನ್ನು ಮೊದಲೇ ಗುರುತಿಸಿ ದೂರವಿಟ್ಟರೆ ರೋಗ ಮುಂದುವರಿಯದೆ ನಿಲ್ಲುವ ಸಂಭವವಿದೆ. ಇಡಿಯೋಪಥಿಕ್ ಬಗೆಯಲ್ಲಿ ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್ ಎಂಬ ಔಷಧಗಳು ಶ್ವಾಸಕೋಶ ಕುಗ್ಗುವ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆಂದು 2014ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಅವು ಕಲೆಯನ್ನು ಅಳಿಸುವುದಿಲ್ಲ, ಕಾಲವನ್ನು ಕೊಡುತ್ತವೆ. ಶೀತಜ್ವರದ ಮತ್ತು ನ್ಯುಮೋಕಾಕಸ್ ಲಸಿಕೆಗಳು, ಬೀಡಿಯ ತ್ಯಾಗ, ಹೊಗೆಯಿಲ್ಲದ ಬಚ್ಚಲು, ಸಿಂಪಡಣೆ ಮತ್ತು ಒಕ್ಕಣೆಯ ಕೆಲಸದಲ್ಲಿ ಮುಖಗವಸು, ಮಳೆಗಾಲಕ್ಕೆ ಮುನ್ನ ಒಮ್ಮೆ ತಪಾಸಣೆ – ಇವು ಮೂರನೆಯ ದಾರಿಯನ್ನು ಕಿರಿದುಗೊಳಿಸುತ್ತವೆ, ಎರಡನೆಯದರ ಸಂಭವವನ್ನೂ ತಗ್ಗಿಸಬಲ್ಲವು. ಕೊನೆಯ ಹಂತದ ಏದುಸಿರಿನ ಸಂಕಟವನ್ನು ಸ್ವಲ್ಪ ಪ್ರಮಾಣದ ಮಾರ್ಫಿನ್ ಶಮನಗೊಳಿಸಬಲ್ಲದು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ಆದ ತಿದ್ದುಪಡಿ ಅದರ ವೈದ್ಯಕೀಯ ಬಳಕೆಯ ತೊಡಕುಗಳನ್ನು ಕಡಿಮೆ ಮಾಡಿದೆ. ಸಾವು ತಪ್ಪದಿದ್ದಾಗಲೂ ಸಂಕಟ ತಪ್ಪಿಸಲು ಸಾಧ್ಯವೆಂಬುದು ಚಿಕಿತ್ಸೆಯ ಭಾಗವೇ.

ಉಪಸಂಹಾರ

ನಾರುಗಟ್ಟಿದ ಶ್ವಾಸಕೋಶ ಒಂದು ನೆಲ. ಅದರ ಮೇಲೆ ಸಾವು ಹಲವು ದಾರಿಗಳಿಂದ ನಡೆದು ಬರುತ್ತದೆ. ನೆಲವನ್ನು ಮಾತ್ರ ಹೆಸರಿಸಿದರೆ ತಡೆಯಬಹುದಾದ ದಾರಿ ಕಾಣುವುದಿಲ್ಲ. ದಾರಿಯನ್ನು ಮಾತ್ರ ಹೆಸರಿಸಿದರೆ ರೋಗವೇ ಲೆಕ್ಕದಿಂದ ಮಾಯವಾಗುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಈ ಎರಡನ್ನೂ ಬರೆದಿಡುವ ಕೆಲಸ ದುಬಾರಿ ಯಂತ್ರಗಳಿಂದಲೇ ಆರಂಭವಾಗಬೇಕೆಂದಿಲ್ಲ. ರೋಗಿ ಬದುಕಿರುವಾಗ ಅವರ ದುಡಿಮೆಯ ಚರಿತ್ರೆಯನ್ನು ಚೀಟಿಯಲ್ಲಿ ಬರೆಯುವುದು, ದಮ್ಮೆಂದು ಬಂದವರ ಬೆನ್ನಿಗೆ ಕಿವಿಗೊಡುವುದು, ತೀರಿಕೊಂಡಾಗ ನಮೂನೆಯ ಮೂರು ಸಾಲುಗಳನ್ನೂ ತುಂಬುವುದು – ಇಷ್ಟು ನಡೆದರೆ ಹತ್ತು ವರ್ಷಗಳಲ್ಲಿ ಈ ಸೀಮೆಗೆ ತನ್ನದೇ ಆದ ಮರಣಕಾರಣಗಳ ಪಟ್ಟಿ ದೊರೆಯುತ್ತದೆ. ಆಗ ‘ದಮ್ಮಿನಿಂದ ಹೋದರು’ ಎಂಬ ಮಾತಿನ ಜಾಗದಲ್ಲಿ, ಉಳಿದವರನ್ನು ಕಾಯಬಲ್ಲ ಒಂದು ಉತ್ತರ ಇದ್ದೀತು.